ನೀವು ಕೇಳಿದಿರಿ: ಏಪ್ರಿಲ್ ಬಿಸಿಲಲ್ಲಿ ರಾಕ್ ಕಾನ್ಸರ್ಟ್, ಜೊತೆಗೆ ಮನಸ್ಸಿಗೆ ಹತ್ತಿರವಾದವರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಬೇಸಿಗೆ ಬಂತು, ಬೆಂಗಳೂರಿನ ಮೈದಾನಗಳಲ್ಲಿ ಕಾನ್ಸರ್ಟ್‌ಗಳೂ ಬಂದವು. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಊರು ಶಿವಮೊಗ್ಗದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಆಫೀಸಿನ ಒಬ್ಬ ಹುಡುಗಿ ಮೇಲೆ ತುಂಬಾ ದಿನದಿಂದ ಮನಸ್ಸಿದೆ. ಎರಡು ಸಲ ಕಾಫಿಗೆ ಹೋಗಿದ್ದೇವೆ. ಈಗ ಅವಳೇ ಏಪ್ರಿಲ್ ಕೊನೆಯ ಶನಿವಾರದ ಒಂದು ರಾಕ್ ಕಾನ್ಸರ್ಟಿಗೆ ಎರಡು ಟಿಕೆಟ್ ತೆಗೆದಿದ್ದಾಳೆ. ಊರಾಚೆಯ ಬಯಲು, ಮಧ್ಯಾಹ್ನ 3ಕ್ಕೆ ಗೇಟ್ ತೆರೆಯುತ್ತದೆ, ಮುಗಿಯುವುದು ರಾತ್ರಿ 10ಕ್ಕೆ. ಅವಳಿಗೆ ಆ ಬ್ಯಾಂಡ್ ಅಂದರೆ ಪ್ರಾಣ, ಸ್ಟೇಜಿನ ಮುಂದೆಯೇ ನಿಲ್ಲಬೇಕಂತೆ. ನಾನೋ ಊರ ಜಾತ್ರೆಯಲ್ಲಿ ತೇರು ಎಳೆಯುವಾಗಲೂ ದೂರದ ಕಟ್ಟೆ ಹತ್ತಿ ನಿಲ್ಲುವವನು. ಜನ ಒತ್ತಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಹೇಳಿದರೆ ಏನಂದುಕೊಳ್ಳುತ್ತಾಳೋ ಅಂತ ಭಯ. ಹಲ್ಲು ಕಚ್ಚಿಕೊಂಡು ಹೋಗಿಬಿಡಲೇ?

ಉತ್ತರ: ಬೇಡ, ಹೇಳಿಬಿಡಿ. ಅವತ್ತಿನವರೆಗೆ ಕಾಯಬೇಡಿ, ಈ ವಾರವೇ ಹೇಳಿ. "ನನಗೆ ನಿನ್ನ ಜೊತೆ ಬರೋಕೆ ತುಂಬಾ ಇಷ್ಟ, ಆದರೆ ಜನ ಜಾಸ್ತಿ ಒತ್ತಿದರೆ ನನಗೆ ಕಷ್ಟವಾಗುತ್ತೆ" ಅಂದರೆ ಸಾಕು. ಎರಡು ಟಿಕೆಟ್ ತೆಗೆದು ನಿಮ್ಮನ್ನು ಕರೆದವಳು ಇಷ್ಟು ಮಾತಿಗೆ ಮುಖ ತಿರುಗಿಸುವುದಿಲ್ಲ. ಹೇಳದೆ ಹೋಗಿ ರಾತ್ರಿ 8 ಗಂಟೆಗೆ, ಅವಳಿಗೆ ಇಷ್ಟದ ಹಾಡು ಬರುವ ಹೊತ್ತಿಗೇ ಬೆವತು ಬಿಳಿಚಿಕೊಂಡರೆ ಏನಾಗುತ್ತದೆ ಯೋಚಿಸಿ. ಅವಳು ಹಾಡು ಬಿಟ್ಟು ನಿಮ್ಮನ್ನು ನೋಡಬೇಕಾಗುತ್ತದೆ, ಅದೂ ಆ ಸದ್ದಿನಲ್ಲಿ ನಿಮಗೆ ಏನಾಗುತ್ತಿದೆ ಅಂತ ಗೊತ್ತಾಗದೆ.

ಸದ್ದಿನ ಮಾತು ಬಂತಲ್ಲ, ಅಲ್ಲಿ ಮಾತಾಡೋಕೆ ಆಗುವುದೇ ಇಲ್ಲ. ಒಬ್ಬರನ್ನೊಬ್ಬರು ತಿಳಿದುಕೊಳ್ಳುವ ಮಾತೆಲ್ಲ ಹೋಗುವಾಗ ಆಗಬೇಕು, ಇಲ್ಲವೇ ಬರುವಾಗ. ಒಳಗೆ ಕೆಲಸಕ್ಕೆ ಬರುವುದು ಮೊದಲೇ ಮಾಡಿಕೊಂಡ ಒಪ್ಪಂದ ಮಾತ್ರ. ಒಂದು ಸನ್ನೆ ಇಟ್ಟುಕೊಳ್ಳಿ. ಮುಂಗೈಯನ್ನು ಎರಡು ಸಲ ಒತ್ತಿದರೆ "ಹೊರಗೆ ಹೋಗೋಣ" ಅಂತ ಅರ್ಥ. ಯಾರು ಒತ್ತಿದರೂ ಸರಿ, ಪ್ರಶ್ನೆ ಕೇಳದೆ ಇಬ್ಬರೂ ಹೊರಡಬೇಕು. ಹಾಗೆಯೇ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನು ಒಳಗೆ ಕಾಲಿಟ್ಟ ಕೂಡಲೇ ನೋಡಿ ಗೊತ್ತು ಮಾಡಿಕೊಳ್ಳಿ.

ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. 2007ರ ಮಾರ್ಚ್ 17, ಅರಮನೆ ಮೈದಾನ, ಐರನ್ ಮೇಡನ್ ಬ್ಯಾಂಡಿನ ಶೋ. ನಾನೂ ನಮ್ಮವರೂ ಹೋಗಿದ್ದೆವು, ಆಗಿನ್ನೂ ಮದುವೆಯಾಗಿರಲಿಲ್ಲ. ಮೈದಾನದ ಕೆಂಪು ಧೂಳು ಎದ್ದೆದ್ದು ನನ್ನ ಬಿಳಿ ಕರ್ಚೀಫು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಂಟಲು ಒಣಗಿದೆ ಅಂದೆ, ಅವರು ನೀರು ತರಲು ಹೋದರು. ಅಷ್ಟರಲ್ಲಿ ಲೈಟು ಆರಿತು, ಬ್ಯಾಂಡ್ ಬಂತು, ಹಿಂದಿನವರೆಲ್ಲ ಮುಂದಕ್ಕೆ ನುಗ್ಗಿದರು. ಅವರಿಗೆ ವಾಪಸ್ ಬರುವ ದಾರಿಯೇ ಮುಚ್ಚಿಹೋಯಿತು. ಫೋನ್ ಮಾಡಿದರೆ ಬರೀ ನೆಟ್‌ವರ್ಕ್ ಬ್ಯುಸಿ. ಪೂರ್ತಿ ಶೋ ನಾನು ಸ್ಟೇಜ್ ನೋಡಿದ್ದಕ್ಕಿಂತ ಹಿಂದೆ ತಿರುಗಿ ನೋಡಿದ್ದೇ ಜಾಸ್ತಿ. ಎಲ್ಲ ಮುಗಿದು ಜನ ಕರಗಿದ ಮೇಲೆ ಗೇಟಿನ ಆಚೆ ಒಂದು ಮರದ ಕೆಳಗೆ ನಿಂತಿದ್ದರು. ಕೈಯಲ್ಲಿ ಅದೇ ನೀರಿನ ಬಾಟಲಿ, ಮುಚ್ಚಳ ಕೂಡ ತೆಗೆದಿರಲಿಲ್ಲ. ಅವರೂ ಕುಡಿದಿರಲಿಲ್ಲ.

ಇವತ್ತಿಗೂ ಅದು ಬದಲಾಗಿಲ್ಲ. ಒಂದು ಟವರ್ ಇಂತಿಷ್ಟೇ ಫೋನ್ ತಡೆದುಕೊಳ್ಳಬಲ್ಲದು, ಸಾವಿರಾರು ಜನ ಒಂದೇ ಸಲ ವಿಡಿಯೊ ಕಳಿಸಲು ಹೊರಟರೆ ಯಾರ ಕರೆಯೂ ಹೋಗುವುದಿಲ್ಲ. ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಕೆಲವೊಮ್ಮೆ ತಡವಾಗಿಯಾದರೂ ತಲುಪುತ್ತದೆ, ಅದನ್ನು ಪ್ರಯತ್ನಿಸಿ. ನೀರಿಗೋ ಶೌಚಕ್ಕೋ ಹೋಗುವುದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿಬನ್ನಿ, ಜಾಗ ಹೋದರೆ ಹೋಗಲಿ.

ಇನ್ನು ಎಲ್ಲಿ ನಿಲ್ಲಬೇಕು ಅನ್ನುವ ಪ್ರಶ್ನೆ. ಮೈದಾನದ ನಡುವೆ ಸೌಂಡ್ ಎಂಜಿನಿಯರುಗಳು ಕೂರುವ ಒಂದು ಟೆಂಟ್ ಇರುತ್ತದೆ, ಸುತ್ತ ಬ್ಯಾರಿಕೇಡ್. ಅವರು ಸದ್ದನ್ನು ಹದ ಮಾಡುವುದೇ ಅಲ್ಲಿ ಕೂತು, ಅಂದಮೇಲೆ ಸದ್ದು ಚೆನ್ನಾಗಿ ಕೇಳುವುದೂ ಅಲ್ಲೇ. ಅದರ ಪಕ್ಕದಲ್ಲೋ ಸ್ವಲ್ಪ ಹಿಂದೆಯೋ ನಿಂತರೆ ಒರಗಲು ಕಂಬಿ ಸಿಗುತ್ತದೆ, ಒತ್ತಡ ಕಡಿಮೆ, ಪಕ್ಕಕ್ಕೆ ಸರಿಯಲು ದಾರಿ ಇರುತ್ತದೆ. ಅವಳಿಗೆ ಮುಂದೆ ಹೋಗಲೇಬೇಕು ಅನ್ನಿಸಿದರೆ ಎರಡು ಹಾಡಿಗೆ ಅವಳು ಹೋಗಿ ಬರಲಿ, ನೀವು ಅಲ್ಲೇ ಕಂಬಿ ಹಿಡಿದು ನಿಂತಿರಿ. ಅದರಲ್ಲಿ ಅವಮಾನ ಏನಿದೆ ಹೇಳಿ?

ಗೇಟು ತೆರೆದ ಕೂಡಲೇ ಓಡಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಸತ್ತರಲ್ಲ, ಅದು ಆಟ ನೋಡುತ್ತ ಕೂತಾಗ ಆದದ್ದಲ್ಲ, ಗೇಟುಗಳ ಹತ್ತಿರದ ನೂಕುನುಗ್ಗಲಿನಲ್ಲಿ ಆದದ್ದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಇಂಥ ಕಡೆ ಬಿದ್ದವರು ಮಾತ್ರ ಸಾಯುವುದಲ್ಲ, ನಿಂತವರಿಗೂ ಎದೆ ಅಗಲಿಸಿ ಉಸಿರೆಳೆಯಲು ಜಾಗವಿಲ್ಲದೆ ಜೀವ ಹೋಗುತ್ತದೆ. ಅಕಸ್ಮಾತ್ ಒತ್ತಡದಲ್ಲಿ ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ, ಉಸಿರಿಗೆ ಅಷ್ಟು ಜಾಗ ಉಳಿಯುತ್ತದೆ. ಎದುರು ತಳ್ಳಬೇಡಿ. ಅಲೆ ಬಂದಾಗ ಅದರ ಜೊತೆ ಹೋಗಿ, ಅದು ನಿಂತಾಗ ಓರೆಯಾಗಿ ಅಂಚಿನ ಕಡೆ ಜರುಗಿ. ಫೋನ್ ಬಿದ್ದರೂ ಚಪ್ಪಲಿ ಕಳಚಿದರೂ ಬಗ್ಗಬೇಡಿ.

ಕಿವಿಯದ್ದು ಒಂದು ಮಾತು ಹೇಳಲೇಬೇಕು. ಐರನ್ ಮೇಡನ್ ಶೋ ಮುಗಿಸಿ ಅವತ್ತು ಮನೆಗೆ ಬಂದು ಮಲಗಿದರೆ ಕಿವಿಯಲ್ಲಿ ಗುಂಯ್ ಅಂತ ಸದ್ದು, ಮಾರನೇ ದಿನ ಮಧ್ಯಾಹ್ನದವರೆಗೂ ಬಿಡಲಿಲ್ಲ. ಅಮ್ಮ ಕರೆದರೆ ಬಾವಿಯೊಳಗಿಂದ ಕರೆದ ಹಾಗೆ ಕೇಳುತ್ತಿತ್ತು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದಾದರೆ, 100 ಡೆಸಿಬಲ್ ಆದಾಗ ಆ ಹೊತ್ತು 15 ನಿಮಿಷಕ್ಕೆ ಇಳಿಯುತ್ತದೆ. ರಾಕ್ ಕಾನ್ಸರ್ಟಿನಲ್ಲಿ 100 ದಾಟುವುದು ಮಾಮೂಲಿ, ಅದೂ ಗಂಟೆಗಟ್ಟಲೆ. ಸ್ಪಂಜಿನ ಇಯರ್ ಪ್ಲಗ್ ದೊಡ್ಡ ಖರ್ಚಿನದ್ದಲ್ಲ, ಎರಡು ಜೊತೆ ತೆಗೆದುಕೊಳ್ಳಿ. ಸುಮ್ನೆ ಕಿವಿಯ ಬಾಯಿಗೆ ತುರುಕಿದರೆ ಪ್ರಯೋಜನ ಇಲ್ಲ. ಬೆರಳುಗಳ ನಡುವೆ ಹೂಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹಾಡು ಕೇಳುತ್ತದೆ, ಚುಚ್ಚುವ ಸದ್ದು ಮಾತ್ರ ತಗ್ಗುತ್ತದೆ. ಅವಳಿಗೂ ಒಂದು ಜೊತೆ ಕೊಡಿ. ಹೂಗುಚ್ಛಕ್ಕಿಂತ ಇದು ಒಳ್ಳೆಯ ಉಡುಗೊರೆ ಅಂತ ನಾನು ನಿಜವಾಗಿ ನಂಬಿದ್ದೇನೆ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರು ತಂಪು ಅನ್ನುವುದು ಹಳೆಯ ಮಾತು, 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. ಬೆಳಿಗ್ಗೆಯಿಂದಲೇ ನೀರು ಕುಡಿಯುತ್ತಾ ಬನ್ನಿ, ಗೇಟಿನ ಹತ್ತಿರ ಬಂದು ಒಂದು ಬಾಟಲಿ ಗಟಗಟ ಕುಡಿದರೆ ಸಾಲದು. ಒಳಗೆ ಬಾಟಲಿ ಬಿಡುತ್ತಾರೋ ಇಲ್ಲವೋ ಟಿಕೆಟಿನಲ್ಲಿ ಬರೆದಿರುತ್ತಾರೆ, ಮೊದಲೇ ಓದಿ. ಜೇಬಿನಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಇರಲಿ. ಜೊತೆಗಿದ್ದವರು ತಲೆಸುತ್ತು, ವಾಂತಿ ಬಂದ ಹಾಗೆ ಅಂದರೆ ನೆರಳಿಗೆ ಕರೆದೊಯ್ದು ಕೂರಿಸಿ, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಒತ್ತಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕಾದ ಹೆಂಚಿನ ಹಾಗಿದ್ದರೆ ಕಾಯಬೇಡಿ, ಆಂಬುಲೆನ್ಸ್ ಹತ್ತಿರ ಓಡಿ.

ಪ್ರಶ್ನೆ: ನನ್ನದು ಹುಬ್ಬಳ್ಳಿ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಆ್ಯಪ್‌ನಲ್ಲಿ ಪರಿಚಯವಾದ ಹುಡುಗ ಕಾನ್ಸರ್ಟಿಗೆ ಕರೆದಿದ್ದಾನೆ, ಇದು ಮೂರನೇ ಭೇಟಿ. ಒಳ್ಳೆಯವನ ಹಾಗೆ ಕಾಣುತ್ತಾನೆ. ಪಿಜಿ ಗೇಟು 10:30ಕ್ಕೆ ಹಾಕುತ್ತಾರೆ. ಅವನು ಬೈಕಲ್ಲಿ ಬಿಡುತ್ತೇನೆ ಅಂತಿದ್ದಾನೆ. ಹೋಗಲಾ ಅಕ್ಕಾ?

ಉತ್ತರ: ಹೋಗಿ. ಆದರೆ ವಾಪಸ್ ಬರುವ ದಾರಿ ನಿಮ್ಮ ಕೈಯಲ್ಲಿರಲಿ, ಅವನ ಬೈಕಿನ ಮೇಲೆ ನಿಲ್ಲದಿರಲಿ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮ 2000ದಿಂದಲೂ ಇದೆ, ಅದಕ್ಕೇ ಶೋಗಳು 10ಕ್ಕೆ ಮುಗಿಯುವುದು. ಅಂದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಗೆ ಬೀಳುತ್ತಾರೆ. ಆಟೊ ಸಿಗಲ್ಲ, ಕ್ಯಾಬ್ ದರ ಎರಡು ಮೂರು ಪಟ್ಟು. 10:30ಕ್ಕೆ ಪಿಜಿ ತಲುಪುವುದು ಆಗದ ಮಾತು, ನಿಮಗೇ ಗೊತ್ತು. ಪಿಜಿ ಆಂಟಿಗೆ ಎರಡು ದಿನ ಮುಂಚೆ ಹೇಳಿ ಅನುಮತಿ ತೆಗೆದುಕೊಳ್ಳಿ, ಇಲ್ಲವೇ ಗೆಳತಿಯ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿ. ಎರಡೂ ಆಗದಿದ್ದರೆ 9ಕ್ಕೇ ಹೊರಡಿ.

ತುಮಕೂರು ರಸ್ತೆ ಕಡೆ ಆದರೆ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೂ ಹೋಗುತ್ತಿದೆ, ಟ್ರಾಫಿಕ್ ನರಕ ತಪ್ಪುತ್ತದೆ. ಕೊನೆಯ ರೈಲಿನ ಸಮಯ ನೋಡಿಕೊಂಡು, ವಾಪಸ್ಸಿನ ಟಿಕೆಟನ್ನೂ ಹೋಗುವಾಗಲೇ ತೆಗೆದಿಡಿ. ಎಲ್ಲಿದ್ದೀರಿ, ಯಾರ ಜೊತೆ ಅಂತ ಒಬ್ಬ ಗೆಳತಿಗೆ ಗೊತ್ತಿರಲಿ. 112 ಫೋನಿನಲ್ಲಿರಲಿ. ಕುಡಿಯುವ ಲೋಟ ನಿಮ್ಮ ಕೈಯಲ್ಲೇ ಇರಲಿ. ಅವನು ಬಿಯರ್ ಕುಡಿದರೆ ಬೈಕ್ ಹತ್ತಲೇಬೇಡಿ, ಅದರಲ್ಲಿ ದಾಕ್ಷಿಣ್ಯ ಬೇಡ.

ಜನ ಒತ್ತುವ ನೆಪದಲ್ಲಿ ಮೈ ಮುಟ್ಟುವವರು ಇಂಥ ಕಡೆ ಇದ್ದೇ ಇರುತ್ತಾರೆ. ಗಟ್ಟಿಯಾಗಿ ಕಿರುಚಿ, ಜಾಗ ಬಿಟ್ಟು ಅಂಚಿಗೆ ಬನ್ನಿ, ಸೆಕ್ಯುರಿಟಿಯವರಿಗೆ ಹೇಳಿ. ಆಗ ನಿಮ್ಮ ಹುಡುಗ ಏನು ಮಾಡುತ್ತಾನೆ ಗಮನಿಸಿ. ನಿಮ್ಮ ಜೊತೆ ಹೊರಗೆ ಬರುತ್ತಾನಾ, "ಬಿಡು, ಇಂಥ ಕಡೆ ಇದೆಲ್ಲ ಇರತ್ತೆ" ಅಂತಾನಾ? ಎರಡನೆಯದಾದರೆ ನಾಲ್ಕನೇ ಭೇಟಿ ಬೇಕಾಗಿಲ್ಲ.

ಪ್ರಶ್ನೆ: ಏನು ಹಾಕಿಕೊಂಡು ಹೋಗಲಿ? ಮಳೆ ಬಂದರೆ ಕ್ಯಾನ್ಸಲ್ ಆಗತ್ತಾ?

ಉತ್ತರ: ತೆಳು ಹತ್ತಿ ಬಟ್ಟೆ, ಕಾಲು ಪೂರ್ತಿ ಮುಚ್ಚುವ ಹಳೆಯ ಶೂ. ಹೊಸ ಶೂ ಬೇಡ, ಹೀಲ್ಸ್ ಬೇಡವೇ ಬೇಡ, ಏಳು ಗಂಟೆ ನಿಂತಿರಬೇಕು. ಕಪ್ಪು ಟೀ ಶರ್ಟ್ ರಾಕ್ ಕೇಳುವವರ ಸಮವಸ್ತ್ರ, ಗೊತ್ತು, ಆದರೆ ಸಂಜೆ 5ರವರೆಗೆ ಬಿಸಿಲು ಹೀರುತ್ತದೆ, ಬ್ಯಾಗಿನಲ್ಲಿಟ್ಟುಕೊಂಡು ಆಮೇಲೆ ಹಾಕಿ. ದೊಡ್ಡ ಬ್ಯಾಗು, ಪವರ್ ಬ್ಯಾಂಕ್, ಹೆಲ್ಮೆಟ್ಟು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ. ಮಳೆ ಮಾತ್ರ ಬರುತ್ತದೆ ಅಂದುಕೊಂಡೇ ಹೋಗಿ. ಏಪ್ರಿಲ್ ಕೊನೆ ಅಂದರೆ ಅಶ್ವಿನಿ ಮುಗಿದು ಭರಣಿ ಹಿಡಿಯುವ ಸಮಯ, ಮಧ್ಯಾಹ್ನ ಸುಟ್ಟು ಸಂಜೆ ಗುಡುಗುವುದು ಇಲ್ಲಿನ ಬೇಸಿಗೆಯ ರೀತಿ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಬಂದಾಗಲೂ ಜೋರು ಮಳೆ ಸುರಿಯಿತು, ಆದರೂ ಜನ ನೆನೆದುಕೊಂಡೇ ನಿಂತರು, ಶೋ ಆಯಿತು. ಛತ್ರಿ ಒಳಗೆ ಬಿಡಲ್ಲ, ಮಡಚಿದರೆ ಅಂಗೈಯಷ್ಟಾಗುವ ಪ್ಲಾಸ್ಟಿಕ್ ರೇನ್‌ಕೋಟ್ ಸಾಕು. ಸಿಡಿಲು ಶುರುವಾದರೆ ಕಬ್ಬಿಣದ ಕಂಬ, ಮರಗಳಿಂದ ದೂರ ಇರಿ.

ಪ್ರಶ್ನೆ: ನಾನು ಮೈಸೂರಿನ ತಾಯಿ. ಮಗಳಿಗೆ 22. ಒಬ್ಬ ಹುಡುಗನ ಜೊತೆ ಬೆಂಗಳೂರಿಗೆ ರಾಕ್ ಕಾನ್ಸರ್ಟ್ ನೋಡಲು ಹೋಗ್ತೀನಿ, ರಾತ್ರಿಯೇ ವಾಪಸ್ ಬರ್ತೀವಿ ಅಂತಾಳೆ. ಬೇಡ ಅನ್ನಲೇ?

ಉತ್ತರ: ನೋಡಿ ಅಮ್ಮಾ, ಅವಳು ನಿಮಗೆ ಹೇಳಿ ಹೊರಟಿದ್ದಾಳೆ. ಅದು ದೊಡ್ಡದು. ಬೇಡ ಅಂದರೆ ಮುಂದಿನ ಸಲ ಹೇಳದೆ ಹೋಗುತ್ತಾಳೆ ಅನ್ನುವುದು ನನ್ನ ಭಯ. ಹುಡುಗನನ್ನು ಹೊರಡುವ ಮುಂಚೆ ಮನೆಗೆ ಕರೆದು ಒಂದು ಲೋಟ ಕಾಫಿ ಕೊಡಿ, ಮುಖ ನೋಡಿದ ಹಾಗೂ ಆಗುತ್ತದೆ. ಹೇಗೆ ಹೋಗುತ್ತೀರಿ, ಹೇಗೆ ಬರುತ್ತೀರಿ ಅಂತ ಇಬ್ಬರನ್ನೂ ಕೂರಿಸಿ ಕೇಳಿ.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಹಟ ಸರಿ. ಏಳು ಗಂಟೆ ಬಿಸಿಲಲ್ಲಿ ನಿಂತು, ರಾತ್ರಿ 10ರ ಮೇಲೆ ಆ ಜನರ ನಡುವಿಂದ ಹೊರಬಿದ್ದು, ನಿದ್ದೆಗಣ್ಣಲ್ಲಿ ಮೈಸೂರಿನವರೆಗೆ ಕಾರು ಓಡಿಸುವುದು ಬೇಡ. ನಿಮ್ಮ ಪೈಕಿ ಯಾರಾದರೂ ಬೆಂಗಳೂರಿನಲ್ಲಿದ್ದರೆ ಅವಳು ಅಲ್ಲಿ ಮಲಗಿ ಬೆಳಿಗ್ಗೆ ರೈಲಿಗೋ ಬಸ್ಸಿಗೋ ಬರಲಿ. ಶೋ ನಡೆಯುವಾಗ ಫೋನ್ ಸಿಗುವುದಿಲ್ಲ, ಗಾಬರಿಯಾಗಬೇಡಿ. ಒಳಗೆ ಹೋಗುವ ಮುಂಚೆ ಒಂದು ಕರೆ, ಹೊರಗೆ ಬಂದು ಮನೆ ಸೇರಿದ ಮೇಲೆ ಒಂದು ಕರೆ ಅಂತ ಮಾತು ತೆಗೆದುಕೊಳ್ಳಿ. ಆ ಎರಡನೇ ಕರೆ 11:30 ದಾಟಬಹುದು. ಅಷ್ಟು ಹೊತ್ತಿಗೆ ಅವಳಿಗೆ ಹಸಿವೂ ಜಾಸ್ತಿ ಆಗಿರುತ್ತದೆ, ಉಳಿದುಕೊಳ್ಳುವ ಮನೆಯವರಿಗೆ ಒಂದಿಷ್ಟು ಮೊಸರನ್ನ ಎತ್ತಿಡಲು ಹೇಳಿರಿ.