ಪಕ್ಕದವರ ಮ್ಯಾಟ್ ತುಳಿಯಬಹುದಾ? ಯೋಗ ತರಗತಿಯ ಸಣ್ಣ ಕಿರಿಕಿರಿಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಆಸನದ ಬಗ್ಗೆ ಕೇಳಿದವರು ಕಮ್ಮಿ, ಪಕ್ಕದವರ ಬಗ್ಗೆ ದೂರಿದವರು ಜಾಸ್ತಿ. ಬೆಂಗಳೂರಿನಲ್ಲಿ ಗುಂಪು ತರಗತಿ ನಡೆಸುವ ಯೋಗ ಶಿಕ್ಷಕಿಯೊಬ್ಬರು ಉತ್ತರಿಸಿದ್ದಾರೆ. ಓದುಗರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಬೆಳಗಿನ ಬ್ಯಾಚ್‌ಗೆ ಎಲ್ಲರಿಗಿಂತ ಮೊದಲು ಹೋಗಿ ಮ್ಯಾಟ್ ಹಾಸಿ ಕೂತಿರುತ್ತೇನೆ. ಆಮೇಲೆ ಬರುವವರು ಅದನ್ನು ತುಳಿದುಕೊಂಡೇ ದಾಟುತ್ತಾರೆ. ಹೇಳಿದರೆ 'ಅಯ್ಯೋ, ನೆಲ ತಾನೇ ಮೇಡಂ' ಅನ್ನುತ್ತಾರೆ. ನಾನೇ ಅತಿಯಾಗಿ ಆಡ್ತಿದೀನಾ? (ಮೈಸೂರು)

ಇಲ್ಲ, ನೀವು ಸರಿಯಾಗೇ ಇದ್ದೀರಿ. ಆದರೆ ಕಾರಣ ಹೇಳುವಾಗ 'ಮ್ಯಾಟ್ ಪವಿತ್ರ' ಅಂತ ಶುರು ಮಾಡಬೇಡಿ. ಹಾಗೆ ಹೇಳುವ ಶಿಕ್ಷಕರಿದ್ದಾರೆ. ನನಗೇನೋ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ನಾವು ಅದರ ಮೇಲೆ ಮುಖ ಇಡುತ್ತೇವೆ, ಅಷ್ಟೇ. ಶಶಾಂಕಾಸನದಲ್ಲಿ ಹಣೆ, ಮಕರಾಸನದಲ್ಲಿ ಕೆನ್ನೆ, ಸೂರ್ಯ ನಮಸ್ಕಾರದ ಮಧ್ಯೆ ಗದ್ದ. 12 ಸುತ್ತು ನಮಸ್ಕಾರ ಹಾಕಿದರೆ 12 ಸಲ ಮೂಗು ಮ್ಯಾಟಿಗೆ ಹತ್ತಿರ ಹೋಗುತ್ತದೆ. ಅದೇ ಜಾಗದ ಮೇಲೆ ಈಗಷ್ಟೇ ಬಾತ್‌ರೂಮಿನಿಂದ ಬಂದ ಒದ್ದೆ ಪಾದ ಊರಿದ್ದರೆ ಯಾರಿಗಾದರೂ ಅಸಹ್ಯವೇ. 'ಅಲ್ಲಿ ಮುಖ ಇಡ್ತೀನಿ, ಸ್ವಲ್ಪ ಸುತ್ತಿ ಹೋಗ್ತೀರಾ' ಅಂದು ನೋಡಿ. ಇದಕ್ಕೆ ಎದುರು ಮಾತಾಡಿದವರನ್ನು ನಾನಂತೂ ಕಂಡಿಲ್ಲ.

'ನೆಲ ತಾನೇ' ಅನ್ನುವವರ ತಪ್ಪೂ ಪೂರ್ತಿ ಅಲ್ಲ. ಶಾಲೆಯಲ್ಲಿ, ಶಿಬಿರಗಳಲ್ಲಿ ಒಂದೇ ಉದ್ದದ ಜಮಖಾನ ಹಾಸಿ ಎಲ್ಲರನ್ನೂ ಸಾಲಾಗಿ ಕೂರಿಸುತ್ತಿದ್ದರು. ನನ್ನದು, ನಿನ್ನದು ಎಂಬ ಗೆರೆ ಅಲ್ಲಿ ಇರಲಿಲ್ಲ. 1930ರ ದಶಕದಲ್ಲಿ ಯೋಗ ಗುರು ಕೃಷ್ಣಮಾಚಾರ್ಯರು ನಿಮ್ಮೂರಿನ ಜಗನ್ಮೋಹನ ಅರಮನೆಯಲ್ಲಿ ಪಾಠ ಮಾಡುವಾಗ ಈಗಿನ ಅಂಟು ಮ್ಯಾಟ್ ಎಲ್ಲಿತ್ತು? ಅದು ಬಂದದ್ದು 1980ರ ಆಸುಪಾಸಿನಲ್ಲಿ, ಅದೂ ಯುರೋಪಿನಲ್ಲಿ. ಕಾರ್ಪೆಟ್ ಜಾರದಿರಲಿ ಎಂದು ಅದರ ಅಡಿಗೆ ಹಾಕುವ ಹಾಳೆಯನ್ನು ಯೋಗ ಕಲಿಸುವವರು ಕತ್ತರಿಸಿ ಬಳಸತೊಡಗಿದರು. ಒಬ್ಬೊಬ್ಬರಿಗೂ 2 ಅಡಿ ಅಗಲದ ಸ್ವಂತ ಜಾಗ ಎಂಬ ಲೆಕ್ಕ ಗಟ್ಟಿಯಾದದ್ದು ಈ ಮ್ಯಾಟ್ ಬಂದ ಮೇಲೆ. ದೊಡ್ಡವರಿಗೆ ಇದು ವಿಚಿತ್ರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇಕ್ಕಟ್ಟಿನಲ್ಲೂ ತುಳಿಯದೆ ಇರಬಹುದು ಅನ್ನುವುದಕ್ಕೆ ಮೈಸೂರೇ ಸಾಕ್ಷಿ. ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರ ಯೋಗ ಶಾಲೆಯಲ್ಲಿ ಮ್ಯಾಟ್‌ಗಳ ನಡುವೆ ಇರುತ್ತಿದ್ದದ್ದು ಒಂದು ಗೇಣು ಜಾಗ. ಮಿಕ್ಕವರು ಬಾಗಿಲಲ್ಲಿ ಕಾಯುತ್ತಿದ್ದರು. ಒಬ್ಬರು ಮುಗಿಸಿ ಎದ್ದರೆ 'ಒನ್ ಮೋರ್' ಎಂದು ಗುರುಗಳು ಕರೆಯುತ್ತಿದ್ದರು. ಆಗ ಒಬ್ಬರೇ ಒಳಗೆ ಹೋಗಿ, ಖಾಲಿಯಾದ ಜಾಗದಲ್ಲಿ ಹಾಸಿಕೊಳ್ಳಬೇಕು. ನಿಮ್ಮ ತರಗತಿಗೆ ಇಷ್ಟೆಲ್ಲ ಬೇಡ. ಬಾಗಿಲಿಗೆ ದೂರದ ಗೋಡೆಯಿಂದ ಜಾಗ ತುಂಬಿಸಿಕೊಂಡು ಬನ್ನಿ ಎಂದು ಶಿಕ್ಷಕರ ಬಾಯಲ್ಲಿ ಒಮ್ಮೆ ಹೇಳಿಸಿ. ಮೊದಲು ಬಂದವರು ಬಾಗಿಲ ಬಳಿಯೇ ಹಾಸಿ ಕೂತರೆ ಹಿಂದಿನವರು ಹಾರಿಕೊಂಡು ಹೋಗಬೇಕಾ? ನೀವು ಎಲ್ಲಿ ಹಾಸುತ್ತೀರಿ ಅಂತ ಬರೆದಿಲ್ಲ. ಸುಮ್ನೆ ಕೇಳಿದೆ.

ಇನ್ನೊಂದು. ಮ್ಯಾಟನ್ನು ಮಾಮೂಲಿಯಂತೆ ಸುರುಳಿ ಸುತ್ತಿದರೆ ನೆಲಕ್ಕೆ ತಾಗಿದ್ದ ಅಡಿಭಾಗ ಬಂದು ಮೇಲ್ಭಾಗಕ್ಕೇ ಅಂಟಿಕೊಳ್ಳುತ್ತದೆ. ಬೇರೆಯವರ ಕಾಲಿನ ಕೊಳೆಗೆ ಸಿಟ್ಟು ಮಾಡಿಕೊಂಡು, ಇಡೀ ಹಾಲಿನ ಧೂಳನ್ನು ನಾವೇ ಮುಖದ ಜಾಗಕ್ಕೆ ಒರೆಸಿದ ಹಾಗಾಯಿತು. ಮೊದಲು ಮೇಲ್ಭಾಗ ಒಳಗೆ ಬರುವಂತೆ ಉದ್ದಕ್ಕೆ ಅರ್ಧ ಮಡಚಿ, ಆಮೇಲೆ ಸುತ್ತಿ. ತಲೆಯ ಕಡೆ ಯಾವುದು ಎಂದು ಗೊತ್ತಾಗಲು ಮೂಲೆಯಲ್ಲಿ ಮಾರ್ಕರ್‌ನಿಂದ ಸಣ್ಣ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಯೋಗ ಇದೆ. ಒಬ್ಬರು ಬಂದು ತಮ್ಮದಲ್ಲದೆ ಇನ್ನೂ ಮೂವರ ಮ್ಯಾಟ್ ಹಾಸಿ ಫ್ಯಾನಿನ ಕೆಳಗಿನ ಜಾಗ ಹಿಡಿಯುತ್ತಾರೆ. ನನಗೆ 62 ವರ್ಷ, ಮಂಡಿ ನೋವಿದೆ, ಗೋಡೆ ಬೇಕು. ಕೇಳಿದರೆ 'ಅವರು ಬರ್ತಿದಾರೆ ಅಂಕಲ್' ಅನ್ನುತ್ತಾರೆ. (ಬೆಂಗಳೂರು)

ಬಸ್ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವ ನಮ್ಮ ಜನ ಯೋಗದಲ್ಲಿ ಮಾತ್ರ ಬದಲಾಗುತ್ತಾರಾ! ಒಬ್ಬರಿಗೆ ಹಿಡಿದರೆ ಸ್ನೇಹ ಅಂದುಕೊಳ್ಳೋಣ. ಮೂವರಿಗೆ ಅಂದರೆ ಜಾಸ್ತಿಯೇ ಆಯಿತು. ನನ್ನ ತರಗತಿಯಲ್ಲಿ ಮಾಡುವುದನ್ನು ಹೇಳುತ್ತೇನೆ: ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಮ್ಯಾಟಿನ ಮೇಲೆ ಜನ ಇಲ್ಲದಿದ್ದರೆ ಆ ಮ್ಯಾಟ್ ಹಿಂದಿನ ಸಾಲಿಗೆ. ಮ್ಯಾಟನ್ನು ಎತ್ತಿಡುವವರು ಶಿಕ್ಷಕರೇ ಆಗಿರಬೇಕು. ನೀವು ಕೈ ಹಾಕಿದರೆ ಸಂಜೆಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅದೇ ಸುದ್ದಿ.

ಗೋಡೆಯ ಮಾತು ಬೇರೆ. ಫ್ಯಾನ್ ಆಸೆ, ಗೋಡೆ ಅಗತ್ಯ. ಮಂಡಿ ನೋವಿದ್ದವರು, ಗರ್ಭಿಣಿಯರು, ತಲೆ ಸುತ್ತು ಬರುವವರಿಗೆ ಗೋಡೆಯ ಪಕ್ಕದ ಜಾಗ ಯಾರು ಮೊದಲು ಬಂದರು ಎಂಬ ಲೆಕ್ಕಕ್ಕೆ ಬರಬಾರದು. ಶಿಕ್ಷಕರಿಗೆ ನಿಮ್ಮ ಮಂಡಿಯ ವಿಷಯ ಗೊತ್ತೇ? ಎಷ್ಟೋ ಹಿರಿಯರು ಸಂಕೋಚಕ್ಕೆ ಹೇಳುವುದೇ ಇಲ್ಲ. ಹೇಳಿಬಿಡಿ. ಒಂದು ಗೋಡೆಯ ಉದ್ದಕ್ಕೂ ಅಂಥವರಿಗೇ ಜಾಗ ಬಿಡುವುದು ಅವರಿಗೆ ಕಷ್ಟವಲ್ಲ.

ಇಕ್ಕಟ್ಟಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಜಗಳ ಹುಟ್ಟುವುದು ಅಲ್ಲೇ. ಮಾಮೂಲಿ ಮ್ಯಾಟಿನ ಅಗಲ 24 ಇಂಚು. 5.5 ಅಡಿ ಎತ್ತರದವರು ಎರಡೂ ಕೈ ಚಾಚಿದರೆ ತುದಿಯಿಂದ ತುದಿಗೆ ಹೆಚ್ಚುಕಮ್ಮಿ ಅವರ ಎತ್ತರದಷ್ಟೇ ಬರುತ್ತದೆ, ಅಂದರೆ 66 ಇಂಚು. ಒಂದೊಂದು ಬದಿಗೂ 21 ಇಂಚು ಮ್ಯಾಟಿನಿಂದ ಆಚೆ. ಪಕ್ಕದವರ ಕೈಯೂ ಅಷ್ಟೇ ಆಚೆ ಬರುತ್ತದೆ. ಕೈಗೆ ಕೈ ತಾಗಬಾರದು ಅಂದರೆ ನಡುವೆ 42 ಇಂಚು ಬೇಕು. ಯಾವ ಕ್ಲಬ್‌ಹೌಸಿನಲ್ಲಿ ಅಷ್ಟು ಜಾಗ ಇದೆ? ಅದಕ್ಕೆ ಮ್ಯಾಟ್‌ಗಳನ್ನು ಒಂದೇ ಗೆರೆಗೆ ಹಾಸಬಾರದು. ಒಂದು ಮುಂದೆ, ಪಕ್ಕದ್ದು ಅರ್ಧ ಮ್ಯಾಟಿನಷ್ಟು ಹಿಂದೆ, ಮತ್ತೊಂದು ಮುಂದೆ. ಆಗ ನನ್ನ ಕೈ ನಿಮ್ಮ ಮುಖಕ್ಕೆ ಬರುವುದಿಲ್ಲ, ಮುಂದಿರುವ ಶಿಕ್ಷಕರೂ ಕಾಣುತ್ತಾರೆ. ತಡವಾಗಿ ಬಂದವರಿಗೆ ಜಾಗ ಮಾಡಿಕೊಡುವಾಗಲೂ ಪಕ್ಕಕ್ಕೆ ಸರಿಯುವ ಬದಲು ಹಿಂದೆ ಮುಂದೆ ಸರಿದು ನೋಡಿ.

ಪ್ರಶ್ನೆ: ನಮ್ಮ ಸೆಂಟರಿನಲ್ಲಿ ಅವರೇ ಮ್ಯಾಟ್ ಕೊಡುತ್ತಾರೆ. ವಾಸನೆ ಬರುತ್ತದೆ. ಪಕ್ಕದ ಒಬ್ಬರು ತಲೆಗೆ, ಕಾಲಿಗೆ ಎಣ್ಣೆ ಹಚ್ಚಿಕೊಂಡೇ ಬರುತ್ತಾರೆ. ಈಗ ನನ್ನ ತೋಳಿನಲ್ಲಿ ಹುಳಕಡ್ಡಿ ಎದ್ದಿದೆ. ಮ್ಯಾಟಿನಿಂದಲೇ ಬಂತಾ? (ಹುಬ್ಬಳ್ಳಿ)

ಬಂದಿರಬಹುದು, ಖಚಿತವಾಗಿ ಹೇಳಲು ಆಗುವುದಿಲ್ಲ. ಹುಳಕಡ್ಡಿ ಅಂದರೆ ಹುಳ ಅಲ್ಲ, ಶಿಲೀಂಧ್ರ. ಬೆವರು, ಬಿಸಿ, ತೇವ ಇದ್ದಲ್ಲಿ ಸೊಗಸಾಗಿ ಬೆಳೆಯುತ್ತದೆ. ಮೈಯಿಂದ ಮೈಗೂ ಹರಡುತ್ತದೆ, ಟವೆಲ್, ಬಟ್ಟೆ, ಮ್ಯಾಟಿನಿಂದಲೂ ಹರಡುತ್ತದೆ. ಮನೆಯಲ್ಲಿ ಯಾರಿಗಾದರೂ ಇದೆಯೇ ಅಂತಲೂ ನೋಡಿ.

ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ 'ಹುಳಕಡ್ಡಿಗೆ ಏನಾದ್ರೂ ಕೊಡಿ' ಎಂದು ಕೇಳಿ ತಂದ ಟ್ಯೂಬ್ ಬೇಡ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಕಡಿತ ನಿಲ್ಲುತ್ತದೆ, ಒಳಗೊಳಗೇ ಕಾಯಿಲೆ ಹರಡುತ್ತದೆ, ಆಮೇಲೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗುತ್ತದೆ. ವಾಸಿಯಾಯಿತು ಎಂದು ಡಾಕ್ಟರ್ ಹೇಳುವವರೆಗೆ ಸೆಂಟರಿನ ಮ್ಯಾಟ್ ಮುಟ್ಟಬೇಡಿ. ಈಗ ಹರಡುವ ಸರದಿ ನಿಮ್ಮದಾಗಬಾರದು ಅಲ್ವಾ. ತರಗತಿ ಬಿಡಲು ಮನಸ್ಸಿಲ್ಲದಿದ್ದರೆ ಅದನ್ನೂ ಡಾಕ್ಟರ ಹತ್ತಿರ ಕೇಳಿ. ಹೋಗಬಹುದು ಅಂದರೆ ಸ್ವಂತ ಮ್ಯಾಟ್, ತುಂಬು ತೋಳಿನ ಹತ್ತಿ ಅಂಗಿ.

ವಾಸನೆಯ ಮ್ಯಾಟಿಗೆ ಊದುಬತ್ತಿ ಪರಿಹಾರ ಅಲ್ಲ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಅದರಲ್ಲಿ ಬಟ್ಟೆ ಅದ್ದಿ ಹಿಂಡಿ ಎರಡೂ ಬದಿ ಒರೆಸಬೇಕು. ಆಮೇಲೆ ಬರೀ ನೀರಿನ ಬಟ್ಟೆಯಿಂದ ಒಮ್ಮೆ. ಸೋಪು ಉಳಿದರೆ ಮಾರನೇ ದಿನ ಕಾಲು ಜಾರುತ್ತದೆ. ಒಣಗಿಸುವುದು ನೆರಳಲ್ಲಿ, ಗಾಳಿಗೆ. ರಬ್ಬರ್ ಮ್ಯಾಟನ್ನು ಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಪೂರ್ತಿ ಒಣಗದೆ ಸುತ್ತಿಟ್ಟರೆ ತೊಳೆದದ್ದೂ ದಂಡ. ಸೆಂಟರಿನವರು ಒಂದೊಂದು ಬ್ಯಾಚಿನ ನಂತರ ಒರೆಸುತ್ತಾರಾ ಎಂದು ಕೇಳುವ ಹಕ್ಕು ನಿಮಗಿದೆ, ಫೀಸು ಕಟ್ಟಿದ್ದೀರಿ. ಅವರು ಏನೇ ಹೇಳಲಿ, ಮನೆಯಿಂದ ಒಂದು ಹಳೇ ಹತ್ತಿ ಪಂಚೆಯನ್ನೋ ತೆಳು ಜಮಖಾನವನ್ನೋ ತಂದು ಮೇಲೆ ಹಾಸಿಕೊಳ್ಳಿ. ಬೆವರು ಹೀರುತ್ತದೆ, ಮನೆಗೆ ಒಯ್ದು ಒಗೆಯಬಹುದು. ನಿಂತು ಮಾಡುವ ಆಸನಗಳಲ್ಲಿ ಪಂಚೆ ಸರಿಯುತ್ತದೆ, ಆಗ ತೆಗೆದಿಡಿ.

ಎಣ್ಣೆಯ ವಿಷಯ ಬರೀ ಕೊಳೆಯದಲ್ಲ. ಎಣ್ಣೆ ಹಚ್ಚಿದ ಪಾದದಲ್ಲಿ ತ್ರಿಕೋನಾಸನಕ್ಕೆ ಕಾಲು ಅಗಲಿಸಿದರೆ ಸರ್ರನೆ ಜಾರಿ ತೊಡೆಸಂದು ಉಳುಕುತ್ತದೆ. ಅದೇ ಮ್ಯಾಟಿನ ಮೇಲೆ ಮುಂದಿನ ಬ್ಯಾಚಿನವರು ನಿಂತಾಗ ಅವರೂ ಜಾರುತ್ತಾರೆ. 'ಎಣ್ಣೆ ವಾಸನೆ' ಎಂದು ಶುರು ಮಾಡಿದರೆ ಅವರ ಮನಸ್ಸಿಗೆ ನೋವಾಗುತ್ತದೆ. 'ಅಕ್ಕಾ, ಜಾರೀರಿ ಮತ್ತ, ಕಾಲು ಒರೆಸಿಕೊಳ್ರಿ' ಅನ್ನಿ, ಕೇಳುತ್ತಾರೆ.

ಪ್ರಶ್ನೆ: ಹೊಸದಾಗಿ ಬಂದ ಸರ್ ಆಸನ ತಿದ್ದುವಾಗ ನನ್ನ ಮ್ಯಾಟಿನ ಮೇಲೆ ನಿಂತು, ಹೇಳದೆ ಕೇಳದೆ ಬೆನ್ನು ಒತ್ತುತ್ತಾರೆ. ತಪ್ಪು ಉದ್ದೇಶ ಅನ್ನಿಸುವುದಿಲ್ಲ. ಆದರೂ ಮುಜುಗರ. ಹೇಗೆ ಹೇಳಲಿ? (ದಾವಣಗೆರೆ)

ಉದ್ದೇಶ ಏನೇ ಇರಲಿ, ನಿಮಗೆ ಬೇಡ ಅಂದರೆ ಬೇಡ. ಅದಕ್ಕೆ ಕಾರಣ ಕೊಡಬೇಕಿಲ್ಲ. ಆಸನದ ಮಧ್ಯೆ, ತಲೆ ಕೆಳಗಿರುವಾಗ ಹೇಳಲು ಬಾಯಿ ಬರುವುದಿಲ್ಲ. ತರಗತಿಗೆ ಮುಂಚೆ ಹೇಳಿ: 'ಸರ್, ನನ್ನನ್ನು ಮುಟ್ಟದೆ ಬಾಯಲ್ಲಿ ಹೇಳಿಕೊಡಿ, ಅರ್ಥ ಆಗುತ್ತೆ.' ಅಷ್ಟು ಸಾಕು. 'ಸಾರಿ ಸರ್, ತಪ್ಪು ತಿಳ್ಕೋಬೇಡಿ' ಎಂದು ಸೇರಿಸಬೇಡಿ.

ಶಿಕ್ಷಕಿಯಾಗಿ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ. ಪಶ್ಚಿಮೋತ್ತಾನಾಸನದಲ್ಲಿ ಬಗ್ಗಿರುವವರ ಬೆನ್ನ ಮೇಲೆ ಭಾರ ಹಾಕುವುದು ಕಲಿಸುವುದಲ್ಲ. ತೊಡೆಯ ಹಿಂಭಾಗದ ಸ್ನಾಯು ಬಿಗಿ ಇದ್ದವರಿಗೆ, ಸೊಂಟದ ಡಿಸ್ಕ್ ತೊಂದರೆ ಇದ್ದವರಿಗೆ ಅದರಿಂದ ಪೆಟ್ಟಾಗಬಹುದು. ಒತ್ತುವವರಿಗೆ ಒಳಗಿನ ನೋವು ಕಾಣುವುದಿಲ್ಲ. ಒಳ್ಳೆಯ ಶಿಕ್ಷಕರು ಪಕ್ಕದಲ್ಲಿ ನಿಂತು 'ಮುಟ್ಟಲಾ?' ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ವಿದೇಶದ ಕೆಲವು ಸ್ಟುಡಿಯೋಗಳಲ್ಲಿ ಮ್ಯಾಟಿನ ತುದಿಯಲ್ಲಿ ಸಣ್ಣ ಕಾರ್ಡ್ ಇಡುತ್ತಾರೆ. ಒಂದು ಬದಿ ಇದ್ದರೆ ಮುಟ್ಟಬಹುದು, ತಿರುಗಿಸಿಟ್ಟರೆ ಬೇಡ. ಬಾಯಿಬಿಟ್ಟು ಹೇಳಲು ಸಂಕೋಚಪಡುವ ನಮ್ಮವರಿಗೆ ಅದು ಇನ್ನೂ ಜಾಸ್ತಿ ಬೇಕು. ಹೇಳಿದ ಮೇಲೂ ಅವರು ಕೈ ಹಾಕಿದರೆ ನಡೆಸುವವರಿಗೆ ಬರೆದು ದೂರು ಕೊಡಿ, ಬ್ಯಾಚ್ ಬದಲಿಸಿ. ಅದನ್ನು ಮುಜುಗರದ ವಿಷಯ ಎಂದು ಮುಚ್ಚಿಡಬೇಡಿ.

ಪ್ರಶ್ನೆ: ನೆಗಡಿ ಇದ್ದಾಗ ಪ್ರಾಣಾಯಾಮಕ್ಕೆ ಹೋಗಬಹುದಾ? (ಶಿವಮೊಗ್ಗ)

ಗುಂಪಿನಲ್ಲಿ ಕಪಾಲಭಾತಿಯಂತೂ ಬೇಡ. ಮೂಗಿನಿಂದ ರಭಸವಾಗಿ ಗಾಳಿ ಹೊರಹಾಕುವ ಕ್ರಿಯೆ ಅದು, ಮುಂದಿನ ಸಾಲಿನವರ ಬೆನ್ನು ಎರಡು ಅಡಿ ದೂರದಲ್ಲಿರುತ್ತದೆ. ಎರಡು ಮೂರು ದಿನ ಮನೆಯಲ್ಲೇ ವಿಶ್ರಾಂತಿ ತಗೊಳ್ಳಿ. ಆರೋಗ್ಯವಾಗಿದ್ದಾಗಲೂ ಮ್ಯಾಟಿನ ಪಕ್ಕ ಒಂದು ಕರವಸ್ತ್ರ ಇರಲಿ.

ಪ್ರಶ್ನೆ: ಪವನಮುಕ್ತಾಸನ ಮಾಡುವಾಗ ಸದ್ದಾಯಿತು. ಹಿಂದಿನವರು ಕಿಸಕ್ಕನೆ ನಕ್ಕರು. ಮತ್ತೆ ಹೋಗಲು ನಾಚಿಕೆ. (ಹೆಸರೂ ಊರೂ ಬೇಡ ಎಂದಿದ್ದಾರೆ)

ಹೋಗಿ. ನಕ್ಕವರ ಸರದಿಯೂ ಬರುತ್ತದೆ. ಊಟವಾಗಿ ಮೂರು ಗಂಟೆ ಬಿಟ್ಟು ಬಂದರೆ ಕಮ್ಮಿಯಾಗುತ್ತದೆ. ಸಂಜೆ ಬ್ಯಾಚಿನವರಾದರೆ ಮಧ್ಯಾಹ್ನ ಕಡಲೆಕಾಳಿನ ಪಲ್ಯ ಸ್ವಲ್ಪ ನೋಡಿಕೊಂಡು ತಿನ್ನಿ.

ಪ್ರಶ್ನೆ: ಆಫೀಸಿನ ಕ್ಯಾಬ್ ಹಿಡಿಯಲು ನಾನು ದಿನಾ ಹತ್ತು ನಿಮಿಷ ಮೊದಲೇ ಎದ್ದು ಹೋಗಬೇಕು. ಎಲ್ಲರೂ ಶವಾಸನದಲ್ಲಿರುತ್ತಾರೆ. ಟೀಚರ್ ಮುಖ ಗಂಟಿಕ್ಕುತ್ತಾರೆ. (ಬೆಂಗಳೂರು)

ಬೇಗ ಹೋಗುವುದಕ್ಕಿಂತ ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಹೋಗುವುದು ಅವರಿಗೆ ಕಿರಿಕಿರಿ. ಶವಾಸನದಲ್ಲಿ ಕಿವಿ ಬಲು ಚುರುಕು. ಚೀಲದ ಜಿಪ್ಪು, ಬೀಗದ ಕೈ ಗೊಂಚಲು, ಮ್ಯಾಟಿನ ಪಟ್ಟಿಯ ವೆಲ್ಕ್ರೋ ಪರ್‍ರ್ ಎಂದು ಕಿತ್ತದ್ದು, ಎಲ್ಲವೂ ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ನೆಲದ ಮೇಲಿಟ್ಟ ಫೋನು ವೈಬ್ರೇಟ್ ಆದರೂ ಅಷ್ಟೇ, ಅದನ್ನು ಪೂರ್ತಿ ಆಫ್ ಮಾಡಿ.

ಮುಂಚೆಯೇ ಟೀಚರಿಗೆ ಹೇಳಿ ಬಾಗಿಲ ಪಕ್ಕದ ಜಾಗ ಕೇಳಿಕೊಳ್ಳಿ. ಎಲ್ಲರೂ ಕೊನೆಯ ಆಸನ ಮಾಡುತ್ತಿರುವಾಗ ನೀವೊಬ್ಬರೇ ಎರಡು ನಿಮಿಷ ಅಂಗಾತ ಮಲಗಿ, ಬಲಕ್ಕೆ ಹೊರಳಿ ಏಳಿ. ಮೈ ಬಿಸಿಯಲ್ಲೇ ಎದ್ದು ಓಡುವುದಕ್ಕಿಂತ ಅಷ್ಟಾದರೂ ಮೇಲು. ಮ್ಯಾಟನ್ನು ಅಲ್ಲಿ ಸುತ್ತಬೇಡಿ. ಹಾಗೇ ಎತ್ತಿಕೊಂಡು ಹೊರಗೆ ಬಂದು ಸುತ್ತಿ. ಚೀಲವನ್ನು ಮೊದಲೇ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಇಟ್ಟಿರಿ, ಕ್ಯಾಬ್ ಡ್ರೈವರಿಗೆ ಫೋನ್ ಮಾಡುವುದು ಮೆಟ್ಟಿಲು ಇಳಿದ ಮೇಲೆ.