ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಮೊದಲ ದಿನದ ಕಥೆ ಯಾರು ಬರೆಯಬೇಕು?

ಪ್ರಶ್ನೆ: ಸರ್, ನಾನು ಕುಮಟಾ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ಮಳೆ ಹಿಡಿಯುವ ಮುಂಚೆ, ತೋಟಕ್ಕೆ ದರಕು (ಒಣ ಎಲೆ) ಒಟ್ಟುತ್ತಿದ್ದ ಒಬ್ಬರು ಹಾವು ಕಚ್ಚಿಸಿಕೊಂಡು ಬಂದರು. ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಹಾವಿನ ವಿಷ ಇಳಿಸುವ ಆಂಟಿವೆನಮ್ 10 ವೈಲ್ (ಸಣ್ಣ ಸೀಸೆ) ಕೊಟ್ಟೆವು, ಆರು ಗಂಟೆ ಬಿಟ್ಟು ಮತ್ತೆ 10. ಏನೂ ಬದಲಾಗಲಿಲ್ಲ. ಮೂತ್ರ ಕಡಿಮೆಯಾದಾಗ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಡಯಾಲಿಸಿಸ್ ಆಗಿ ಬದುಕಿ ಬಂದಿದ್ದಾರೆ. ಮನೆಯವರ ಮೊಬೈಲಿನಲ್ಲಿ ಹಾವಿನ ಫೋಟೋ ಇದೆ. ಮೊಳ ಉದ್ದವೂ ಇಲ್ಲದ ಕಂದು ಹಾವು, ಮೂತಿ ಮೇಲಕ್ಕೆ ಎದ್ದಿದೆ. ಇದನ್ನು ಬರೆದು ವೈದ್ಯಕೀಯ ಪತ್ರಿಕೆಗೆ ಕಳಿಸುತ್ತೇನೆ ಅಂದರೆ ಜೊತೆಯವರು "ತಾಲೂಕಿನ ಒಂದು ಕೇಸನ್ನು ಯಾರು ಓದ್ತಾರೆ, ಸುಮ್ನೆ ಡ್ಯೂಟಿ ಮಾಡು" ಅನ್ನುತ್ತಾರೆ. ಬರೆಯಬೇಕಾ? ಹೇಗೆ?
(ಹೆಸರು ಬೇಡ, ಕುಮಟಾ)

ಉತ್ತರ: ಬರೆಯಿರಿ ಡಾಕ್ಟರೇ. ಇವತ್ತೇ ಶುರು ಮಾಡಿ.

ನಾನು ಶಿರಸಿಯಲ್ಲಿ 34 ವರ್ಷ ರೋಗಿಗಳನ್ನು ನೋಡಿದವನು. ಬರೆಯದೆ ಬಿಟ್ಟ ಒಂದು ಕೇಸು ಇನ್ನೂ ನನ್ನನ್ನು ಕಾಡುತ್ತದೆ. ಮೊದಲು ಅದನ್ನು ಹೇಳುತ್ತೇನೆ.

ಒಬ್ಬ ಕೊನೆಗೌಡ ಕೆಮ್ಮು, ಏದುಸಿರು ಅಂತ ಬಂದಿದ್ದ. ಪ್ರತಿ ಮಳೆಗಾಲ ಮರ ಹತ್ತಿ ಅಡಿಕೆ ಕೊನೆಗೆ ಔಷಧಿ ಹೊಡೆಯುವವನು. ಕೊಳೆ ರೋಗಕ್ಕೆ ನಾವು ಹೊಡೆಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅವನ ಅಂಗಿಯ ತೋಳು ಪೂರ್ತಿ ನೀಲಿ ಹಿಡಿದಿತ್ತು. ಉಗುರಿನ ಸಂದಿಯಲ್ಲೂ ನೀಲಿ. ಎಕ್ಸ್‌ರೇಯಲ್ಲಿ ಎರಡೂ ಕಡೆ ಚುಕ್ಕೆ ಚುಕ್ಕೆ ನೆರಳು. ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಆದರೂ ಕ್ಷಯವೇ ಇರಬೇಕು ಎಂದು ಮಾತ್ರೆ ಕೊಟ್ಟೆ. ಗುಣವಾಗಲಿಲ್ಲ. ದೂರದ ಆಸ್ಪತ್ರೆಗೆ ಚೀಟಿ ಬರೆದೆ. ಅವನು ಮತ್ತೆ ಬರಲಿಲ್ಲ. ನನ್ನ ಡೈರಿಯಲ್ಲಿ ಮೂರು ಸಾಲು ಇದೆ, ಅಷ್ಟೇ.

ಎಷ್ಟೋ ವರ್ಷ ಆದಮೇಲೆ ಒಂದು ಹಳೆಯ ಲೇಖನ ಓದಿದೆ. 1969ರಲ್ಲಿ ಪೋರ್ಚುಗಲ್‌ನ ಇಬ್ಬರು ವೈದ್ಯರು 'ಥೋರಾಕ್ಸ್' ಎಂಬ ಪತ್ರಿಕೆಯಲ್ಲಿ ಬರೆದದ್ದು. ದ್ರಾಕ್ಷಿ ತೋಟಕ್ಕೆ ಇದೇ ಬೋರ್ಡೋ ದ್ರಾವಣ ಹೊಡೆಯುತ್ತಿದ್ದ ಇಬ್ಬರು ಕೆಲಸಗಾರರ ಶ್ವಾಸಕೋಶದ ಕಾಯಿಲೆ. ಗಾಯವಾದ ಜಾಗದಲ್ಲಿ ತಾಮ್ರ ಸಿಕ್ಕಿತ್ತು. ಎರಡೇ ರೋಗಿಗಳು, ಆದರೆ ಒಂದು ಹೊಸ ಕಾಯಿಲೆಗೆ ಹೆಸರು ಬಂತು. ನನ್ನ ಕೊನೆಗೌಡನಿಗೆ ಅದೇ ಆಗಿತ್ತು ಎಂದು ನಾನು ಹೇಳಲಾರೆ. ಹೇಳಲು ಬೇಕಾದ ಕಾಗದ ಒಂದೂ ನನ್ನ ಹತ್ತಿರ ಉಳಿದಿಲ್ಲ. ನನ್ನ ದುಃಖ ಅದೇ. ಮೈಲುತುತ್ತ ಹೊಡೆಯುವ ಕೈಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ! ಅವರ ಎದೆಗೆ ಕಿವಿ ಕೊಟ್ಟವನು ನಾನು. ನಾನೇ ಬರೆಯಬೇಕಿತ್ತು.

ಈಗ ನಿಮ್ಮ ಹಾವಿಗೆ ಬರೋಣ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಲ್ಕು ಹಾವಿನ ವಿಷಕ್ಕೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೂತಿ ಎದ್ದ ಸಣ್ಣ ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಶಾಸ್ತ್ರದಲ್ಲಿ ಅದರ ಹೆಸರು ಹಿಪ್ನೇಲ್ ಹಿಪ್ನೇಲ್. ಪಶ್ಚಿಮ ಘಟ್ಟದ ಒಣ ಎಲೆಯಲ್ಲಿ ಎಲೆಯ ಹಾಗೇ ಬಿದ್ದಿರುತ್ತದೆ. ಅದು ಕಚ್ಚಿದರೆ ಊತ ಬರುತ್ತದೆ, ಜೀವಕ್ಕೆ ಅಪಾಯವಿಲ್ಲ ಎಂದೇ ಭಾರತದಲ್ಲಿ ಬಹಳ ಕಾಲ ಅಂದುಕೊಂಡಿದ್ದರು. 2007ರಲ್ಲಿ ಕೇರಳದ ಕೇಸುಗಳನ್ನು ಬರೆದವರು ಆ ಮಾತನ್ನು ಬದಲಾಯಿಸಿದರು. ರಕ್ತ ಹೆಪ್ಪುಗಟ್ಟದಿರುವುದು, ಕಿಡ್ನಿ ಸೋಲುವುದು, ಎಲ್ಲವೂ ಅದರಲ್ಲಿತ್ತು. ಆ ಹಾವನ್ನು ಗರಗಸಮಂಡಲ ಎಂದು ತಪ್ಪಾಗಿ ತಿಳಿದು ಆಂಟಿವೆನಮ್ ಕೊಟ್ಟಿದ್ದರು, ಅದು ಕೆಲಸ ಮಾಡಿರಲಿಲ್ಲ. ನೀವು ಬರೆದಿರುವುದೂ ಇದನ್ನೇ ಅಲ್ವಾ?

ಹಾಗಾದರೆ ಕೇರಳದವರು ಬರೆದಾಯಿತಲ್ಲ, ನಾನು ಮತ್ತೆ ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯಲ್ಲೂ ಇದು ಆಗುತ್ತದೆ ಎಂದು ಅಂಕೋಲಾದ, ಹೊನ್ನಾವರದ, ಸಿದ್ದಾಪುರದ ಡ್ಯೂಟಿ ಡಾಕ್ಟರಿಗೆ ತಿಳಿಯಬೇಕು, ಅದಕ್ಕೆ. ಹೊಸ ಆಂಟಿವೆನಮ್ ಬೇಕು ಎಂದು ಕೇಳುವವರ ಕೈಯಲ್ಲಿ ಕಾಗದ ಇರಬೇಕು, ಅದಕ್ಕೂ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಗಂಭೀರ ರೋಗಿಗಳು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗುತ್ತಾರೆ. ಬರೆಯುವವರು ಅಲ್ಲಿರುತ್ತಾರೆ. ಅವರ ಕಥೆ ಶುರುವಾಗುವುದೇ ಮೂರನೇ ದಿನದಿಂದ. ಕಚ್ಚಿ ಎಷ್ಟು ಹೊತ್ತಿಗೆ ಊತ ಬಂತು, ಮೊದಲ ರಕ್ತ ಪರೀಕ್ಷೆ ಹೇಗಿತ್ತು ಎನ್ನುವುದನ್ನು ನೋಡಿದವರು ನೀವು. ಗಾಜಿನ ನಳಿಗೆಯಲ್ಲಿ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುತ್ತೇವಲ್ಲ, ಅದು ನೀರಿನ ಹಾಗೆ ಹರಿದದ್ದನ್ನು ಕಂಡ ಕಣ್ಣು ನಿಮ್ಮದು. ಆ ಮೊದಲ ದಿನವನ್ನು ನಿಮ್ಮ ಬದಲು ಬೇರೆ ಯಾರೂ ಬರೆಯಲಾರರು.

ಒಂದು ಕೇಸಿಗೆ ಬೆಲೆ ಇಲ್ಲ ಅನ್ನುವವರಿಗೆ ಇದನ್ನು ಹೇಳಿ. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಹೆರಿಗೆ ವೈದ್ಯ ಮೆಕ್‌ಬ್ರೈಡ್ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಗೆ ಕೆಲವೇ ಸಾಲಿನ ಪತ್ರ ಬರೆದರು. ಬಸಿರಿನಲ್ಲಿ ಥಾಲಿಡೊಮೈಡ್ ಎಂಬ ಔಷಧಿ ತೆಗೆದುಕೊಂಡವರಿಗೆ ಕೈಕಾಲು ಸರಿಯಿಲ್ಲದ ಮಕ್ಕಳು ಹುಟ್ಟುತ್ತಿವೆ, ನಿಮ್ಮಲ್ಲಿ ಯಾರಾದರೂ ಇಂಥದ್ದು ಕಂಡಿದ್ದೀರಾ ಎಂದು ಕೇಳಿದ್ದರು. ಅದೂ ಒಂದು ಓದುಗರ ಪ್ರಶ್ನೆಯೇ. ನಮ್ಮ ಅಡಿಕೆಯ ವಿಷಯದಲ್ಲೂ ಹೀಗೇ. ಅಡಿಕೆ, ಗುಟ್ಕಾ ಜಗಿದು ಬಾಯಿ ತೆರೆಯಲಾಗದೆ ಬರುವ ಹುಡುಗರನ್ನು ನಾವು ದಿನಾ ನೋಡುತ್ತೇವೆ. ಆ ಕಾಯಿಲೆ 1952ರಲ್ಲಿ ವೈದ್ಯಕೀಯ ಬರಹಕ್ಕೆ ಬಂದದ್ದು ಪೂರ್ವ ಆಫ್ರಿಕಾದಲ್ಲಿದ್ದ ಐದು ಮಂದಿ ಭಾರತೀಯ ಹೆಂಗಸರ ಮೂಲಕ. ಮಂಗನ ಕಾಯಿಲೆಯನ್ನು ನೆನಪಿಸಬೇಕಾಗಿಯೇ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸಾಯುವುದನ್ನೂ ಜನರಿಗೆ ಜ್ವರ ಬರುವುದನ್ನೂ ಜೋಡಿಸಿ ನೋಡಿದ್ದರಿಂದ ಅದು ಗೊತ್ತಾಯಿತು.

ಹಾಗಂತ ಕೇಸ್ ರಿಪೋರ್ಟಿನಿಂದ, ಅಂದರೆ ಒಬ್ಬಿಬ್ಬರು ರೋಗಿಗಳ ಕಥೆಯ ಇಂಥ ಬರಹದಿಂದ, ಎಲ್ಲವೂ ಸಾಬೀತಾಗುವುದಿಲ್ಲ. ಒಬ್ಬರಿಗೆ ಒಂದು ಔಷಧಿ ಕೊಟ್ಟು ಗುಣವಾದರೆ ಔಷಧಿಯಿಂದಲೇ ಆಯಿತು ಎನ್ನಲಾಗದು. "ಹೀಗೊಂದು ಕಂಡೆ, ನೀವೂ ಗಮನಿಸಿ" ಎನ್ನುವಷ್ಟೇ ಅದರ ಕೆಲಸ. ನಿಮ್ಮ ಒಂದು ಕೇಸು ನೋಡಿ ಯಾರೂ ಆಂಟಿವೆನಮ್ ನಿಲ್ಲಿಸಬಾರದು. ಹಾವಿನ ಗುರುತು ಖಚಿತವಾಗದೆ ಈಗಿರುವ ಕ್ರಮ ಬಿಡುವಂತಿಲ್ಲ. ಅದನ್ನೂ ಲೇಖನದಲ್ಲಿ ಬರೆಯಿರಿ.

ಇನ್ನು ಹೇಗೆ ಎನ್ನುವುದು. ಮೊದಲು ಕಾಗದ ಹಿಡಿಯಿರಿ. ಕೇಸ್ ಶೀಟ್ ರೆಕಾರ್ಡ್ ರೂಮಿಗೆ ಹೋಗಿ ಗೆದ್ದಲು ಹಿಡಿಯುವ ಮುಂಚೆ ಅನುಮತಿ ಪಡೆದು ನಕಲು ಮಾಡಿಸಿ. ಡಯಾಲಿಸಿಸ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಬರವಣಿಗೆಯಲ್ಲಿ ಅವರನ್ನೂ ಸೇರಿಸಿಕೊಳ್ಳಿ. ಹಾವಿನ ಫೋಟೋ ಹಾವು ಬಲ್ಲವರಿಗೆ ತೋರಿಸಿ, ನಿಮ್ಮ ಅಂದಾಜನ್ನೇ ನಂಬಬೇಡಿ. (ಹಾವನ್ನು ಹೊಡೆದು ತನ್ನಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ದೂರದಿಂದ ತೆಗೆದ ಫೋಟೋ ಸಾಕು.)

ಆಮೇಲೆ ಒಪ್ಪಿಗೆ. ಆಸ್ಪತ್ರೆಗೆ ಸೇರುವಾಗ ಹಾಕಿಸಿಕೊಂಡ ಸಹಿ ಇದಕ್ಕೆ ಆಗುವುದಿಲ್ಲ. ಅವರ ಮನೆಗೆ ಹೋಗಿ. ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು, ಜೊತೆಗೊಬ್ಬ ಸಾಕ್ಷಿ. ಒಂದು ಪ್ರತಿ ಅವರಿಗೆ ಕೊಡಿ. ಬೇಡ ಅಂದರೆ ಅಲ್ಲಿಗೇ ಬಿಡಿ. ನಮ್ಮಂಥ ಚಿಕ್ಕ ಊರಲ್ಲಿ ಹೆಸರು ತೆಗೆದರೆ ಸಾಲದು. ಇಂಥ ತಾಲೂಕು, ಇಂಥ ತಿಂಗಳು, ದರಕು ಒಟ್ಟುವಾಗ ಅಂದರೆ ಇಡೀ ಕೇರಿಗೆ ಗೊತ್ತಾಗುತ್ತದೆ. "ಪಶ್ಚಿಮ ಕರಾವಳಿಯ ಮಧ್ಯವಯಸ್ಸಿನ ರೋಗಿ" ಅನ್ನಿ. ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೂ ತಿಳಿಸಿ. ಎಥಿಕ್ಸ್ ಸಮಿತಿಯ (ರೋಗಿಯ ಹಿತ, ನೀತಿ ನೋಡುವ ಸಮಿತಿ) ಕಾಗದ ಬೇಕೋ ಬೇಡವೋ ಎನ್ನುವುದು ಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ.

ಬರೆಯುವಾಗ ಮೊದಲು ಕನ್ನಡದಲ್ಲೇ ಬರೆಯಿರಿ. ರೋಗಿ ಬಾಗಿಲಿಗೆ ಬಂದ ಹೊತ್ತಿನಿಂದ ಗಂಟೆ ಗಂಟೆಯ ಕಥೆ. ಆಮೇಲೆ ಇಂಗ್ಲಿಷಿಗೆ ತನ್ನಿ. ಕೇಸ್ ರಿಪೋರ್ಟಿನಲ್ಲಿ ಏನೇನು ಇರಬೇಕು ಎಂದು 2013ರಲ್ಲಿ ಬಂದ 'ಕೇರ್' ಎಂಬ ಪಟ್ಟಿ ಇದೆ, ಪುಕ್ಕಟೆ ಸಿಗುತ್ತದೆ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನ ಹುಡುಕುವ ತಾಣ) ಹಿಂದಿನ ಕೇಸು ಹುಡುಕಿ. "ಜಗತ್ತಿನಲ್ಲೇ ಮೊದಲು" ಎಂದು ಬರೆಯುವ ಆಸೆ ಬೇಡ. ಆಂಟಿವೆನಮ್ 20 ವೈಲ್ ಕೊಟ್ಟದ್ದನ್ನು, ಅದು ಫಲಿಸದೆ ಇದ್ದದ್ದನ್ನು, ಕಳಿಸಲು ತಡವಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಓದುವ ಡಾಕ್ಟರಿಗೆ ಹೆಚ್ಚು ಉಪಯೋಗ ಆಗುವುದು ಆ ಭಾಗವೇ.

ಹೆಸರು ಹಾಕುವ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಕೆಲಸ ಮಾಡಿದವರು, ಬರೆದವರು ಅಥವಾ ತಿದ್ದಿದವರು, ಕೊನೆಯ ಪ್ರತಿ ಓದಿ ಒಪ್ಪಿದವರು, ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡುವವರು ಲೇಖಕರು. ಈ ನಾಲ್ಕೂ ಇರಬೇಕು. ಕುರ್ಚಿ ದೊಡ್ಡದು ಅಂತ ಹೆಸರು ಹಾಕಬೇಡಿ. ರಾತ್ರಿ ಪೂರ್ತಿ ಹೊತ್ತು ಗೊತ್ತು ಬರೆದಿಟ್ಟ ಸಿಸ್ಟರ್‌ಗೆ, ಅವರ ಒಪ್ಪಿಗೆ ಕೇಳಿ, ಕೃತಜ್ಞತೆ ಹೇಳುವುದನ್ನು ಮರೆಯಬೇಡಿ. ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಿ. ವಾಪಸ್ ಬರುತ್ತದೆ, ಬಹಳ ಸಲ ಬರುತ್ತದೆ. ಅವರು ಹೇಳಿದ ತಪ್ಪು ತಿದ್ದಿ ಬೇರೆಯವರಿಗೆ ಕಳಿಸಿ.

ಪ್ರಶ್ನೆ: ನನ್ನ ಅಪ್ಪನಿಗೆ ಚರ್ಮದ ಅಪರೂಪದ ಕಾಯಿಲೆ. ಡಾಕ್ಟರು ಮುಖದ ಫೋಟೋ ತೆಗೆದು, ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪತ್ರಿಕೆಗಂತೆ. ಅಪ್ಪನಿಗೆ ಏನೂ ಅರ್ಥವಾಗಿಲ್ಲ. ಬೇಡ ಅನ್ನಬಹುದಾ?
(ಒಬ್ಬ ಮಗಳು, ಅಂಕೋಲಾ)

ಉತ್ತರ: ಖಂಡಿತ ಅನ್ನಬಹುದು ತಂಗಿ. ಅಚ್ಚಾಗುವ ಮುಂಚೆ ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು, ಅದಕ್ಕಾಗಿ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು. ಅಚ್ಚಾದ ಮೇಲೆ ಮಾತ್ರ ಕಷ್ಟ, ಅದು ಎಲ್ಲೆಲ್ಲೋ ಹೋಗಿರುತ್ತದೆ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಎಂದು ಕರೆಯುವುದಿಲ್ಲ. ಡಾಕ್ಟರ ಹತ್ತಿರ ಹೋಗಿ, ಕನ್ನಡದಲ್ಲಿ ಹೇಳಿ ಅನ್ನಿ. ಯಾವ ಫೋಟೋ, ಎಲ್ಲಿ ಬರುತ್ತದೆ ಎಂದು ಕೇಳಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕುತ್ತೇವೆ ಅಂದರೆ ಅದು ಸಾಲದು, ಗುರುತಿನವರು ಗುರುತು ಹಿಡಿಯುತ್ತಾರೆ. ಕಾಯಿಲೆ ಇರುವ ಜಾಗದ ಹತ್ತಿರದ ಫೋಟೋ ಸಾಕಾಗುತ್ತದಾ ಎಂದು ಕೇಳಿ. ಇದಕ್ಕೆ ದುಡ್ಡು ಸಿಗುವುದಿಲ್ಲ.

ಇಷ್ಟೆಲ್ಲ ಸರಿಯಾದರೆ, ಅಪ್ಪನಿಗೆ ಮನಸ್ಸಿದ್ದರೆ, ಹೂಂ ಅನ್ನಿ ಎಂದು ನಾನು ಕೇಳಿಕೊಳ್ಳುತ್ತೇನೆ. ಅದೇ ಕಾಯಿಲೆಯ ಇನ್ನೊಬ್ಬರನ್ನು ನೋಡುವ ಡಾಕ್ಟರಿಗೆ ಅಪ್ಪನ ಅನುಭವ ಸಿಗುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಓದುತ್ತಿದ್ದೇನೆ. "ಏಳು ದಿನದಲ್ಲಿ ಪ್ರಕಟಣೆ ಖಚಿತ" ಎಂದು ಒಂದು ಪತ್ರಿಕೆಯಿಂದ ಇಮೇಲ್ ಬಂದಿದೆ. ದುಡ್ಡು ಕೇಳುತ್ತಾರೆ. ನಂಬಬಹುದಾ ಸರ್?
(ವೈದ್ಯಕೀಯ ವಿದ್ಯಾರ್ಥಿ)

ಉತ್ತರ: ಬೇಡ. ದುಡ್ಡು ಕೇಳಿದ್ದಕ್ಕಲ್ಲ, ಎಲ್ಲರಿಗೂ ತೆರೆದಿಡುವ ಒಳ್ಳೆಯ ಪತ್ರಿಕೆಗಳೂ ಶುಲ್ಕ ತೆಗೆದುಕೊಳ್ಳುತ್ತವೆ. ಆದರೆ ಅವು ಎಷ್ಟು ಎಂದು ಮೊದಲೇ ಹೇಳುತ್ತವೆ, ಓದದೆ ಒಪ್ಪುವುದಿಲ್ಲ. ಓದುವ ಮುಂಚೆಯೇ ಪ್ರಕಟಣೆ ಖಚಿತ ಅನ್ನುವವರು ಓದುವವರೇ ಅಲ್ಲ. ಆ ಪತ್ರಿಕೆ ಮೆಡ್‌ಲೈನ್‌ನಲ್ಲೋ ಡಿಒಎಜೆ ಪಟ್ಟಿಯಲ್ಲೋ ಇದೆಯಾ ನೋಡಿ, ಎರಡೂ ಪರಿಶೀಲಿಸಿ ಸೇರಿಸಿದ ಪತ್ರಿಕೆಗಳ ಪಟ್ಟಿಗಳು. ಸಂಪಾದಕರೆಂದು ಹಾಕಿರುವವರಿಗೆ ನೇರವಾಗಿ ಬರೆದು ಕೇಳಿ, ಕೆಲವರಿಗೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿರುವುದಿಲ್ಲ. ಕಾಲೇಜಿನ ಲೈಬ್ರರಿಯವರನ್ನೂ ವಿಚಾರಿಸಿ.

ದುಡ್ಡು ಹೋದರೆ ಮತ್ತೆ ಬಂದೀತು. ಅಲ್ಲಿ ಒಮ್ಮೆ ಅಚ್ಚಾದ ಕೇಸನ್ನು ಮಾತ್ರ ಬೇರೆ ಒಳ್ಳೆಯ ಪತ್ರಿಕೆ ಮುಟ್ಟುವುದಿಲ್ಲ. ನಿಮ್ಮನ್ನು ನಂಬಿ ಹೆಬ್ಬೆಟ್ಟು ಒತ್ತಿದ ರೋಗಿಯ ಕಥೆ ಯಾರೂ ಓದದ ಕಡೆ ಹೋಗಿ ಬೀಳುತ್ತದೆ. ಆ ಇಮೇಲಿಗೆ ಉತ್ತರ ಬರೆಯಬೇಡಿ. ನಿಮ್ಮ ಕೇಸು ಏನು ಎಂದು ನನಗೆ ಬರೆಯಿರಿ, ಓದಿ ಹೇಳುತ್ತೇನೆ.