ಕರಗುವುದು ಬೇರೆ, ಕಡಿಯುವುದು ಬೇರೆ

ಪ್ರಿಯ ಲೇಖಕಿಗೆ,

ಟೊಮೆಟೊ ಹಣ್ಣಾಗುವಾಗ ಕೆಲಸಕ್ಕಿಳಿಯುವ ಪಾಲಿಗ್ಯಾಲಕ್ಟುರೊನೇಸ್ ಎಂಬ ಕಿಣ್ವವನ್ನು ಕುರಿತು ನೀವು ಸಕಲೇಶಪುರದಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸ್ವಚ್ಛವಾಗಿದೆ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಹೆಂಗಸಿನ ಚಿತ್ರ ಚೆನ್ನಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಕಾಡುತ್ತಲೇ ಇವೆ.

“ಈ ಕಿಣ್ವವು ತನ್ನ ವಿಶಿಷ್ಟ ರಚನೆಯಿಂದ ಕೋಶಭಿತ್ತಿಯ ಪೆಕ್ಟಿನ್ನನ್ನು ಕರಗಿಸುತ್ತದೆ” ಎಂದಿದ್ದೀರಿ. ಬೆಲ್ಲ ನೀರಿನಲ್ಲಿ ಕರಗಿದಾಗ ಸಕ್ಕರೆಯ ಅಣು ಒಡೆಯುವುದಿಲ್ಲ. ನೀರು ಆರಿದರೆ ಅದೇ ಸಕ್ಕರೆ ಮರಳಿ ಸಿಗುತ್ತದೆ. ಇಲ್ಲಿ ನಡೆಯುವುದು ಅದಲ್ಲ. ಪೆಕ್ಟಿನ್ ಎಂದರೆ ಸಸ್ಯಕೋಶಗಳ ಗೋಡೆಯಲ್ಲಿರುವ ಉದ್ದನೆಯ ಎಳೆಗಳ ವಸ್ತು. ಅದರ ಮುಖ್ಯ ಎಳೆಯಲ್ಲಿ ಗ್ಯಾಲಕ್ಟುರಾನಿಕ್ ಆಮ್ಲ ಎಂಬ, ಸಕ್ಕರೆಯ ಬಗೆಯ ಆಮ್ಲದ ಘಟಕಗಳು ಮಣಿಗಳಂತೆ ಪೋಣಿಸಿಕೊಂಡಿರುತ್ತವೆ, ಕಿಣ್ವವು ನೀರಿನ ಒಂದು ಅಣುವನ್ನು ಬಳಸಿ ಎರಡು ಮಣಿಗಳ ನಡುವಿನ ಬಂಧವನ್ನು ಕಡಿಯುತ್ತದೆ. ಅದೂ ಎಲ್ಲೆಂದರಲ್ಲಿ ಅಲ್ಲ: ಪೆಕ್ಟಿನ್ ಮೀಥೈಲ್‌ಎಸ್ಟರೇಸ್ ಎಂಬ ಇನ್ನೊಂದು ಕಿಣ್ವ ಮೊದಲೇ ಬಂದು ಆ ಮಣಿಗಳಿಗೆ ಅಂಟಿಕೊಂಡ ಮೀಥೈಲ್ ಎಂಬ ಪುಟ್ಟ ಗುಂಪುಗಳನ್ನು ಕಳಚಿಟ್ಟ ಜಾಗದಲ್ಲಿ.

ಇನ್ನು “ವಿಶಿಷ್ಟ ರಚನೆ”. ಎಂಥದು ಅದು? ಈ ಕುಟುಂಬದ ಕಿಣ್ವಗಳಲ್ಲಿ ಪ್ರೋಟೀನಿನ ಸರಪಳಿ ಬಲಮುಖದ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಸುರುಳಿಯ ಮೈಮೇಲೊಂದು ತೋಡು, ಆ ತೋಡಿನಲ್ಲಿ ಬಂಧ ಕಡಿಯುವ ಆಸ್ಪಾರ್ಟಿಕ್ ಆಮ್ಲಗಳು, ಎಂದರೆ ಪ್ರೋಟೀನಿನದೇ ಘಟಕಗಳಾದ ಅಮೈನೋ ಆಮ್ಲಗಳು. ಎಳೆಯನ್ನು ನಡುವೆ ಕಡಿಯುವ ಬಗೆಗಳಲ್ಲಿ ತೋಡಿನ ಎರಡೂ ತುದಿ ತೆರೆದಿರುವುದರಿಂದಲೇ ಉದ್ದನೆಯ ಪೆಕ್ಟಿನ್ ಎಳೆ ಅದರಲ್ಲಿ ಮೈಚಾಚಿ ಮಲಗಬಲ್ಲದು. ರಚನೆಯೇ ಕೆಲಸವಾಗುವ ಇಂಥ ಜಾಗವನ್ನು ಒಂದು ವಿಶೇಷಣದಲ್ಲಿ ಮುಗಿಸಿಬಿಟ್ಟಿರಲ್ಲ ಎಂಬುದೇ ನನ್ನ ಸಂಕಟ.

ನಾನೂ ಇದೇ ತಪ್ಪು ಮಾಡಿದ್ದೆ. ಚಿಕ್ಕಮಗಳೂರಿನ ಬಳಿಯ ತೋಟವೊಂದರಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಕಾಫಿ ಬೀಜ ತೊಟ್ಟಿಯಲ್ಲಿ ಹುಳಿಯುವುದನ್ನು ನೋಡಿ ನನ್ನ ಮೊದಲ ಲೇಖನ ಬರೆದೆ. ಸಂಜೆ ಬೊಗಸೆಯಿಂದ ಜಾರಿಹೋಗುತ್ತಿದ್ದ ಬೀಜ, ಮರುದಿನ ತೊಳೆದು ಉಜ್ಜಿದರೆ ಮರಳಿನಂತೆ ಗರಗರ ಎನ್ನುತ್ತಿತ್ತು. “ಲೋಳೆ ಕರಗಿತು” ಎಂದು ಬರೆದಿದ್ದೆ. ಆಗಿನ ಸಂಪಾದಕರು ಅಂಚಿನಲ್ಲಿ ಪೆನ್ಸಿಲ್ಲಿನಿಂದ “ಯಾವ ಬಂಧ?” ಎಂದಷ್ಟೇ ಬರೆದು ಹಿಂದಿರುಗಿಸಿದರು. ಸರಿಪಡಿಸಿ ಕಳುಹಿಸಿದರೆ ಮತ್ತೆ ಅದೇ ಎರಡು ಪದ. ಆ ಲೋಳೆಯಲ್ಲೂ ಪೆಕ್ಟಿನ್ ಇದೆ, ಅದನ್ನು ಕಡಿಯುವುದರಲ್ಲಿ ಇಂಥ ಕಿಣ್ವಗಳ ಕೈಯೂ ಇದೆ ಎಂದು ತಿಳಿದು ಬರೆಯುವಷ್ಟರಲ್ಲಿ ಆ ವರ್ಷದ ಕೊಯ್ಲು ಮುಗಿದಿತ್ತು.

ಎರಡನೆಯ ವಾಕ್ಯ: “ಹಣ್ಣು ಮೆತ್ತಗಾಗಲು ಈ ಕಿಣ್ವವೊಂದೇ ಕಾರಣ.” ಇದಕ್ಕೆ 1994ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಈ ಕಿಣ್ವದ ಜೀನನ್ನು ಅಡಗಿಸಿ ಬೆಳೆಸಿದ ಫ್ಲೇವರ್ ಸೇವರ್ ಟೊಮೆಟೊವನ್ನು ಸಾಕ್ಷಿಗೆ ಕರೆದಿದ್ದೀರಿ. ಆ ಸಾಕ್ಷಿ ನಿಮ್ಮ ವಿರುದ್ಧವೇ ನುಡಿಯುತ್ತದೆ. ಹಾಗೆ ಜೀನನ್ನು ಅಡಗಿಸಿದ ಟೊಮೆಟೊ ಹೆಚ್ಚುಕಡಿಮೆ ಎಂದಿನಂತೆಯೇ ಮೆತ್ತಗಾಗುತ್ತದೆ ಎಂಬುದು 1988ರಲ್ಲೇ ಪ್ರಕಟವಾಗಿತ್ತು. ಮರುವರ್ಷ, ಹಣ್ಣಾಗದ ರಿನ್ ಎಂಬ ರೂಪಾಂತರಿ ತಳಿಯಲ್ಲಿ ಇದೇ ಕಿಣ್ವವನ್ನು ತಯಾರಾಗುವಂತೆ ಮಾಡಿದಾಗ ಪೆಕ್ಟಿನ್ ತುಂಡಾಯಿತು, ಕಾಯಿ ಮಾತ್ರ ಗಟ್ಟಿಯಾಗಿಯೇ ಉಳಿಯಿತು. “ಒಂದೇ” ಎಂಬ ಪದವನ್ನು ಹೊಡೆದುಹಾಕಿ, ಈ ಎರಡು ಪ್ರಯೋಗಗಳನ್ನು ಅಲ್ಲಿ ಸೇರಿಸಿ.

ಮೂರನೆಯ ಪುಟವನ್ನಷ್ಟೇ ಹೊಸದಾಗಿ ಬರೆದು ಕಳುಹಿಸಿ. ಮಾರುಕಟ್ಟೆಯ ಹೆಂಗಸು ಇದ್ದಲ್ಲೇ ಇರಲಿ.